ಶಾಂತಾಳ ಚಾರ್ಜರಿಗೆ ಒಪ್ಪುವ ಲ್ಯಾಪ್‌ಟಾಪ್

ಎಲ್ಲರೂ ಮೊದಲು ಲ್ಯಾಪ್‌ಟಾಪ್ ಆರಿಸಿ ಆಮೇಲೆ ಅದರ ಚಾರ್ಜರ್ ನೋಡುತ್ತಾರೆ. ನಾನು ತಿರುವುಮುರುವು ಮನುಷ್ಯ. ಚಾರ್ಜರ್ ಮನೆಯಲ್ಲಿ ಮೊದಲೇ ಇತ್ತು. ಗುಂಡಿ ಸಿಕ್ಕಿತೆಂದು ಅಂಗಿ ಹೊಲಿಸಲು ಹೊರಟವನ ಹಾಗೆ, ಅದಕ್ಕೊಪ್ಪುವ ಲ್ಯಾಪ್‌ಟಾಪ್ ಹುಡುಕಿಕೊಂಡು ಸುರಪುರದಿಂದ ಬಸ್ಸು ಹತ್ತಿದೆ.

ನನ್ನ ಕಸುಬು ಟೈಪಿಂಗ್. ಪ್ರೆಸ್ಸಿನವರು ಕಳಿಸುವ ಲಗ್ನಪತ್ರಿಕೆ, ಪುಣ್ಯಸ್ಮರಣೆಗಳನ್ನೆಲ್ಲ ಮನೆಯಲ್ಲೇ ಕೂತು ಕುಟ್ಟುತ್ತೇನೆ. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಕೈಕೊಟ್ಟಿತ್ತು. ಕರೆಂಟು ಹೋದರೆ ಸಾಕು, ವರನ ಹೆಸರನ್ನು ಅರ್ಧಕ್ಕೇ ಬಿಟ್ಟು ಅದು ಕಣ್ಣು ಮುಚ್ಚುತ್ತಿತ್ತು. ಅದರಲ್ಲಿ ನಾನು ಕೊನೆಗೆ ಟೈಪ್ ಮಾಡಿದ್ದು ತೀರಿಕೊಂಡ ನನ್ನ ಹೆಂಡತಿ ಶಾಂತಾಳ ಶಿವಗಣಾರಾಧನೆಯ ಪತ್ರಿಕೆ. ಆಮೇಲೆ ಅದೂ ಏಳಲಿಲ್ಲ.

ಹೋದವರ ವಸ್ತು ಇಟ್ಟುಕೊಳ್ಳುವ ರೂಢಿ ನಮ್ಮ ಮನೆತನದಲ್ಲಿಲ್ಲ. ಆರಾಧನೆಯ ದಿನ ನಮ್ಮಕ್ಕ ಗಂಗಮ್ಮ ಕಪಾಟು ತೆರೆದು ಎಲ್ಲವನ್ನೂ ಹಂಚಿದಳು. ಹಾಸಿಗೆ, ತಂಬಿಗೆ ಮಠದ ಅಯ್ಯನವರಿಗೆ. ಸೀರೆ ಬಂದ ಹೆಣ್ಣುಮಕ್ಕಳಿಗೆ. ಮೊಬೈಲು ಶಾಂತಾಳ ತಂಗಿಗೆ. ನಾನು ಮುಖ ಸಣ್ಣದು ಮಾಡಿದ್ದಕ್ಕೆ, “ಇಟ್ಕೊಂಡು ಕುಂತ್ರ ಹೋದಾಕಿಗಿ ದಾರಿ ಸಿಗಂಗಿಲ್ಲೋ ತಮ್ಮಾ” ಎಂದಳು. ಅಕ್ಕನ ಮಾತಿಗೆ ನಮ್ಮಲ್ಲಿ ಎದುರಿಲ್ಲ.

ಆ ಮೊಬೈಲಿನ ಚಾರ್ಜರ್ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಹಿಂದಿನ ಸಾಕೆಟ್ಟಿನಲ್ಲಿ ಅದು ಹಾಗೇ ಇತ್ತು. ರೊಟ್ಟಿ ಬಡಿಯುತ್ತಲೇ ಫೋನ್ ಎತ್ತುವ ಚಟ ಅವಳಿಗೆ; ವೈರಿನ ಮೇಲೆ ಒಣಗಿದ ಹಿಟ್ಟಿನ ಬೆರಳ ಗುರುತು. ಕೆಲವು ದಿನಗಳಾದ ಮೇಲೆ ಅಕ್ಕ ಅದನ್ನೂ ಕಂಡಳು. “ಇದೊಂದ್ ಯಾಕ ಉಳೀತು? ನಿನ್ ಫೋನಿಗಂತೂ ಹತ್ತಂಗಿಲ್ಲ. ಕೊಟ್ಟುಬಿಡು.”

“ಹೊಸಾ ಲ್ಯಾಪ್‌ಟಾಪ್ ತರಾಕತ್ತೇನಕ್ಕಾ, ಅದಕ್ಕ ಬೇಕಾಗ್ತದ” ಎಂದುಬಿಟ್ಟೆ. ಶುದ್ಧ ಸುಳ್ಳು. ಅದನ್ನು ನಿಜ ಮಾಡಲು ಊರೂರು ತಿರುಗುವುದು ಬಂತು.

ಶಹಾಪುರದ ಅಂಗಡಿಯವನು ಒಂದನ್ನು ತೋರಿಸಿ, “ನಿಮ್ಮ ವೈರ್ ಹೋಗೂ ಸಿ ಟೈಪ್ ತೂತು ಅದರಿ, ಆದ್ರ ಅದರಾಗ ಚಾರ್ಜ್ ಆಗಂಗಿಲ್ರಿ, ಬರೇ ಫೈಲ್ ಹಾಕಾಕ” ಎಂದ. ಬಾಗಿಲಿದೆ, ಒಳಗೆ ಬಾ ಎನ್ನುವವರಿಲ್ಲ. ಅಂಥ ಮನೆ ನನಗೀಗ ಚೆನ್ನಾಗಿ ಗೊತ್ತು. ಇನ್ನು ಬ್ಯಾಟರಿಯ ಮಾತು. ಡಬ್ಬದ ಮೇಲೆ ಹತ್ತು ತಾಸು ಎಂದಿದ್ದರೆ ಏಳು ತಾಸಿಗೆ ಕೈ ಮುಗಿಯಬೇಕಂತೆ. ಆದರೂ ಯಂತ್ರಕ್ಕಾದರೆ ಎಷ್ಟು ಬಾಳುತ್ತದೆಂದು ಮೊದಲೇ ಕೇಳುತ್ತೇವೆ. ಶಾಂತಾಳ ವಿಷಯದಲ್ಲಿ ನನಗೆ ಕೇಳಬೇಕೆಂದು ಹೊಳೆಯಲೇ ಇಲ್ಲ. ಇನ್ನೂ ಬೇಕಾದಷ್ಟಿದೆ ಎಂದುಕೊಂಡಿದ್ದೆ.

ಕೊನೆಗೆ ಯಾದಗಿರಿಯಲ್ಲಿ ಒಂದು ಸಿಕ್ಕಿತು. ಹಗುರ, ಬ್ಯಾಟರಿಯೂ ಗಟ್ಟಿ. ಕರವಸ್ತ್ರದಲ್ಲಿ ಸುತ್ತಿದ್ದ ಚಾರ್ಜರನ್ನು ಕಿಸೆಯಿಂದ ತೆಗೆದಾಗ ಅಂಗಡಿಯ ಹೆಣ್ಣುಮಗಳು ನನ್ನನ್ನೇ ನೋಡಿದಳು. “ಇದು ಫೋನಿಂದ್ರಿ ಸರ್. ಏರತದ, ಆದ್ರ ಭಾಳ ನಿಧಾನ. ಡಬ್ಬದಾಗ ದೊಡ್ಡ ಚಾರ್ಜರ್ ಕೊಟ್ಟಾರಲ್ರಿ!”

“ಏರತದಲ್ಲವಾ? ಅಷ್ಟ್ ಸಾಕು” ಎಂದೆ. ಅವಳು ವೈರು ಒರೆಸಲು ಬಟ್ಟೆ ತೆಗೆದಳು. ಬೇಡವೆಂದು ಕಸಿದುಕೊಂಡೆ. ಪಾಪ, ಹುಚ್ಚನೆಂದುಕೊಂಡಿರಬೇಕು.

ಈಗ ನನ್ನ ಟೈಪಿಂಗ್ ಅಡುಗೆಮನೆಯಲ್ಲೇ. ಚಾರ್ಜಿಗೆ ಹಚ್ಚಿದಾಗಲೆಲ್ಲ, ಈ ಚಾರ್ಜರ್ ನಿಧಾನದ್ದು, ಬೇರೆಯದು ಬಳಸಿ ಎಂದು ಲ್ಯಾಪ್‌ಟಾಪ್ ಬುದ್ಧಿ ಹೇಳುತ್ತದೆ. ಅದರ ಬಾಯಿ ಮುಚ್ಚಿಸಿ ಕೆಲಸಕ್ಕೆ ಕೂರುತ್ತೇನೆ. ನನಗೇನೂ ಅವಸರವಿಲ್ಲ.

ಮೊನ್ನೆ ಅಕ್ಕ ಬಂದಳು. ಕಪಾಟಿನ ಮೇಲೆ ಸೀಲು ಒಡೆಯದ ದೊಡ್ಡ ಚಾರ್ಜರ್ ಇತ್ತು. ಅದನ್ನು ನೋಡಿದಳು, ಸಾಕೆಟ್ಟಿನತ್ತ ನೋಡಿದಳು, ಬಾಗಿ ವೈರಿನ ಮೇಲಿನ ಹಿಟ್ಟಿನ ಗುರುತನ್ನೂ ನೋಡಿದಳು. ಸುಳ್ಳು ಸಿಕ್ಕಿಬಿತ್ತು, ಇನ್ನು ಕಿತ್ತು ಕೊಟ್ಟುಬಿಡುತ್ತಾಳೆಂದುಕೊಂಡೆ. ಅಕ್ಕ ಹಿಟ್ಟಿನ ಡಬ್ಬಿಯನ್ನು ಮೆಲ್ಲಗೆ ಸರಿಸಿ, ಚಾರ್ಜರ್ ಯಾರಿಗೂ ಕಾಣದ ಹಾಗೆ ಮೊದಲಿನಂತೆಯೇ ಅಡ್ಡ ಇಟ್ಟಳು.

“ಆಕಿಗಿ ದಾರಿ ಸಿಕ್ತೋ ತಮ್ಮಾ,” ಎಂದಳು. “ನಿನಗೇ ಸಿಗವಲ್ದು.”