ರವಿಕೆ ಕಣದ ಅಂಚಿನ ವಿಳಾಸ

ಆ ಹಳದಿ ಅಕ್ಷರಗಳನ್ನು ಮೊದಲು ಓದಿದವರು ಮದುಮಗಳ ತಾಯಿಯ ಸೋದರತ್ತೆ. ಜಯನಗರದ ಛತ್ರದ ಉಗ್ರಾಣದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಆಕೆ ತಾಂಬೂಲದ ಚೀಲವೊಂದರಿಂದ ರವಿಕೆ ಕಣ ತೆಗೆದು, ಮಡಿಕೆ ಬಿಚ್ಚಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಬಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ ಹೋದರು.

"ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ..." ಎಂದರು. ಆಮೇಲೆ, "ಏನೇ ಇದು? ಅಡ್ವರ್ಟೈಸ್‌ಮೆಂಟಾ?"

ನನ್ನ ಪಕ್ಕದಲ್ಲಿ ತೆಂಗಿನಕಾಯಿಗಳನ್ನು ಚೀಲಗಳಿಗೆ ಇಳಿಸುತ್ತಿದ್ದ ನನ್ನ ಓರಗಿತ್ತಿಯ ಕೈ ಅಲ್ಲೇ ನಿಂತಿತು. ಆ ವಿಳಾಸ ಅವಳ ಅಂಗಡಿಯದು.

ಅಂಗಡಿಯೆಂದರೆ ಬನಶಂಕರಿಯ ಅವಳ ಮನೆಯ ಮಹಡಿ ಮೇಲಿನ ಒಂದು ಕೋಣೆ, ಒಂದು ಕಂಪ್ಯೂಟರು, ಗೋಡೆಯುದ್ದಕ್ಕೂ ರಟ್ಟಿನ ಡಬ್ಬಗಳು. ತಾಂಬೂಲದ ಚೀಲ, ಕುಂಕುಮದ ಭರಣಿ, ಬಾಗಿನದ ಮೊರ, ಇಂಥವನ್ನು ಇಂಟರ್‌ನೆಟ್ಟಿನಲ್ಲಿ ಮಾರುತ್ತಿದ್ದಳು. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿದ್ದ ಕಾಲ ಅದು. ಗಾಂಧಿ ಬಜಾರಿನಲ್ಲಿ ನಾಲ್ಕು ಅಂಗಡಿ ಹತ್ತಿಳಿದು, ಮೊರದ ಬಿದಿರನ್ನು ತಟ್ಟಿ ನೋಡದೆ ಕೊಳ್ಳುವುದೆಂದರೆ ನಮ್ಮ ಕಡೆಯ ಹೆಂಗಸರಿಗೆ ಒಗ್ಗದ ಮಾತು. ಕೊಳ್ಳುವ ಒಬ್ಬಿಬ್ಬರಿಗೂ ಬೇರೆ ವೆಬ್‌ಸೈಟುಗಳಿದ್ದವು. ಅವರು ಆರ್ಡರಿನ ಜೊತೆ ಪೆನ್ನು, ಕೀಚೈನು, ಅಂಗೈಯಗಲದ ಕ್ಯಾಲೆಂಡರು ಕಳಿಸುತ್ತಿದ್ದರು.

"ಕೀಚೈನ್ ಯಾರಿಗ್ ಬೇಕು ಅಕ್ಕ? ಡ್ರಾಯರ್ ಸೇರಿ ಅಲ್ಲೇ ಸಾಯತ್ತೆ," ಎಂದಿದ್ದಳು ಅವಳು. "ರವಿಕೆ ಕಣ ಕೊಟ್ರೆ ನೋಡಿ, ಯಾರೂ ಬಿಸಾಕಲ್ಲ, ಹೊಲಿಸ್ಕೊಳ್ಳೋದೂ ಇಲ್ಲ. ಇವರ ಮನೆಯಿಂದ ಅವರ ಮನೆಗೆ, ಅಲ್ಲಿಂದ ಇನ್ನೊಬ್ಬರ ಮನೆಗೆ. ನಮ್ಮ ಹೆಸರು ಹೊತ್ಕೊಂಡು ಊರೆಲ್ಲಾ ಸುತ್ತತ್ತೆ!"

ಅದು ನಿಜವೇ. ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲೆಲ್ಲ ಒಂದು ಕಣ ಸಿಗುತ್ತದೆ. ನಮ್ಮ ಮನೆಗೆ ಬಂದವರಿಗೆ ಅದನ್ನೇ ದಾಟಿಸುತ್ತೇವೆ. ಕೊಟ್ಟವರಿಗೇ ತಪ್ಪಿ ವಾಪಸು ಕೊಟ್ಟೇವೆಂದು ಮೂಲೆಯಲ್ಲಿ ಪೆನ್ಸಿಲಿನ ಗುರುತು ಹಾಕಿಡುವವರೂ ಇದ್ದಾರೆ. ಇಷ್ಟೆಲ್ಲ ಬಲ್ಲ ನಮಗಿಬ್ಬರಿಗೂ ಒಂದು ಹೊಳೆದಿರಲಿಲ್ಲ: ಅಂಗಡಿಯ ಹೆಸರಿರುವ ಕಣವನ್ನು ಯಾವ ಗೃಹಿಣಿಯೂ ಇನ್ನೊಬ್ಬರ ಮಡಿಲಿಗೆ ಹಾಕಲಾರಳು. ಹಾಕಿದರೆ, ಬಿಟ್ಟಿ ಸಿಕ್ಕಿದ್ದನ್ನು ಕೊಟ್ಟೆ ಎಂದು ತಾನೇ ಸಾರಿದ ಹಾಗೆ.

ಈ ಮದುವೆ ಅವಳ ಮೊದಲ ದೊಡ್ಡ ಆರ್ಡರು. ಯುಗಾದಿಯೊಳಗೆ ವ್ಯಾಪಾರ ಕಾಲೂರದಿದ್ದರೆ ಕೋಣೆಯನ್ನು ಬಾಡಿಗೆಗೆ ಕೊಡುವುದೇ ಸೈ ಎಂದು ಮೈದುನ ಹೇಳಿಬಿಟ್ಟಿದ್ದ. ಈ ಛತ್ರದಲ್ಲಿ ನೆರೆದ ಹೆಂಗಸರು ಒಂದು ಒಳ್ಳೆಯ ಮಾತಾಡಿದರೆ ಅಂಗಡಿ ಉಳಿಯುತ್ತಿತ್ತು. ಹಾಗಾಗಿಯೇ ಚೀಲಕ್ಕೊಂದರಂತೆ ಕಣವನ್ನು ಉಡುಗೊರೆಯಾಗಿ ಕಳಿಸಿದ್ದಳು. ಅಕ್ಷರಗಳು ಮಡಿಕೆಯ ಒಳಗಿದ್ದವು. ಮದುಮಗಳ ತಾಯಿ ಸಂತೋಷದಿಂದ ಅವನ್ನೇ ತಾಂಬೂಲಕ್ಕೆ ಸೇರಿಸಿದ್ದರು.

ಈಗ ಆಕೆ ಬಂದು ನಿಂತರು. ಮೂಗುಬೊಟ್ಟಿನ ಪಕ್ಕ ಬೆವರು ಹನಿಗಟ್ಟಿತ್ತು.

"ನೋಡೇ, ಬೀಗರಿಗೆ ಪುಕ್ಕಟೆ ಮಾಲು ಕೊಡೋಕ್ ಹೊರಟಿದೀಯ. ಅದೂ ಬೋರ್ಡ್ ಹಾಕ್ಕೊಂಡು," ಎಂದರು ಸೋದರತ್ತೆ.

ಮದುಮಗಳ ತಾಯಿ ಅಂಚನ್ನು ಓದಿದರು. ದನಿ ಏರಲಿಲ್ಲ. "ಇದನ್ನ ನೀವು ನನಗೆ ಹೇಳಿರಲಿಲ್ಲ."

"ಚಿಕ್ಕದಾಗಿ... ಅಂಚಲ್ಲಿ ತಾನೇ ಮೇಡಂ..." ಎಂದಳು ಓರಗಿತ್ತಿ.

"ನನ್ನ ಮಗಳು ನಾಳೆಯಿಂದ ಆ ಮನೇಲಿ ಬಾಳಬೇಕು. ಇದು ಗಂಡಿನ ಕಡೆಯವರ ಕೈಗೆ ಹೋದ್ರೆ, ನಿಮ್ಮ ಅಂಗಡಿ ವಿಷಯ ಎಲ್ಲೆಲ್ಲಿ ಹೇಳ್ಬೇಕೋ ಅಲ್ಲೆಲ್ಲಾ ಹೇಳ್ತೀನಿ."

ಗಂಡಿನ ಕಡೆಯವರು ಧಾರವಾಡದ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ಬಾಡಿಗೆಗೆ ಇದ್ದ ಜನ. ಆಗಷ್ಟೇ ಊಟಕ್ಕೆ ಕೂತಿದ್ದರು. ಊಟ ಮುಗಿಸಿ ಕೈತೊಳೆದು ಬಂದ ಕೂಡಲೇ ಅವರ ಹೆಂಗಸರಿಗೆ ತಾಂಬೂಲ ಕೊಡಬೇಕು.

ನನ್ನ ಓರಗಿತ್ತಿ ಕತ್ತರಿ ಹುಡುಕತೊಡಗಿದಳು. ಸೋದರತ್ತೆ ಗದರಿದರು. "ಶುಭಕ್ಕೆ ಕೊಡೋ ಬಟ್ಟೆಗೆ ಕತ್ತರಿ ಹಾಕ್ತಾರೇನೇ? ಬುದ್ಧಿ ಎಲ್ಲಿಟ್ಟಿದೀಯ?"

"ಕಣಾನೇ ತೆಗೆದ್ಬಿಡೋಣ್ವಾ?"

"ಬೀಗಿತ್ತೀರ್ನ ಕಣ ಇಲ್ದೆ ಕಳಿಸೋದಾ? ಇನ್ನೂ ಚೆನ್ನಾಗಿರತ್ತೆ!"

ಹೊಸದು ತರೋಣವೆಂದರೆ ಅಂದು ಬಂದ್. ಮುಹೂರ್ತ ಬಂದ್‌ಗಾಗಿ ಕಾಯುವುದಿಲ್ಲವೆಂದು ಮದುವೆಯೇನೋ ನಡೆದಿತ್ತು. ಆದರೆ ಫೋರ್ತ್ ಬ್ಲಾಕಿನಲ್ಲಿ ಒಂದು ಅಂಗಡಿಯ ಷಟರೂ ಎದ್ದಿರಲಿಲ್ಲ, ಒಂದು ಆಟೋವೂ ಓಡುತ್ತಿರಲಿಲ್ಲ. ಬಂದ್ ಎಂದ ಕೂಡಲೇ ನನಗೆ ನಮ್ಮ ರಸ್ತೆಯ ಹೆಂಗಸರು ನೆನಪಾದರು. ಎಲ್ಲರೂ ಮನೆಯಲ್ಲೇ ಇರುತ್ತಾರೆ. ಎಲ್ಲರ ಬೀರುವಿನಲ್ಲೂ ಒಂದು ಕಟ್ಟು ಇದ್ದೇ ಇರುತ್ತದೆ.

"ನೀನು ಇಲ್ಲಿ ಹೆಸರಿರೋ ಕಣಾನೆಲ್ಲಾ ತೆಗೆದಿಡು, ನಾನು ತರ್ತೀನಿ," ಎಂದು ಎರಡು ಖಾಲಿ ಚೀಲ ಹಿಡಿದು ಹೊರಟೆ.

ಛತ್ರದಿಂದ ನಮ್ಮ ರಸ್ತೆಗೆ ನಡಿಗೆಯ ದಾರಿ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಬರಿದಾದ ರಸ್ತೆಯ ನಡುವೆಯೇ ನಡೆದೆ. ತಿರುವಿನಲ್ಲಿ ಯಾರೋ ಟೈರು ಸುಟ್ಟಿದ್ದರು, ಇನ್ನೂ ಹೊಗೆಯಾಡುತ್ತಿತ್ತು. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ಬಾಗಿಲು ಮೆಲ್ಲಗೆ ಒಮ್ಮೆ ತಟ್ಟಿ ಕಾಯುವುದನ್ನು. ಅಂದು ಎದುರು ಮನೆಯ ಬೆಲ್ಲನ್ನು ಬೆರಳು ತೆಗೆಯದೆ ಒತ್ತಿದೆ.

"ಏನ್ರೀ, ಗಲಾಟೆ ಏನಾದ್ರೂ ಆಯ್ತಾ?" ಎಂದು ಆಕೆ ಲಟ್ಟಣಿಗೆ ಹಿಡಿದೇ ಓಡಿ ಬಂದರು. ವಿಷಯ ಕೇಳಿ ಅದನ್ನು ಅಲ್ಲೇ ಇಟ್ಟು ಬೀರು ತೆಗೆದರು. "ಎಲ್ಲಾ ಪಾಲಿಯೆಸ್ಟರ್ರೇ ಇದೆ, ಪರ್ವಾಗಿಲ್ವಾ? ತಡೀರಿ, ಇದ್ ಬೇಡ, ಇದನ್ನ ಕೊಟ್ಟೋರು ನೀವೇ."

ಪಕ್ಕದ ಮನೆಯಲ್ಲಿ ಅತ್ತೆ ಸೊಸೆಯರ ಕಟ್ಟುಗಳು ಬೇರೆ ಬೇರೆ. "ನಂದು ತೊಗೊಳ್ಳಿ ಆಂಟಿ, ಅತ್ತೇದು ಎಲ್ಲಾ ಹಳೇ ಕಾಲದ್ದು," ಎಂದಳು ಸೊಸೆ. "ಹಳೇದೇ ಕಣೇ ಗಟ್ಟಿ!" ಎಂದು ಒಳಗಿನಿಂದ ಅತ್ತೆ. ಎರಡನ್ನೂ ಚೀಲಕ್ಕೆ ತುಂಬಿದೆ. ಅವರ ಫೋನಿನಿಂದಲೇ ಓರಗಿತ್ತಿಯ ಮೊಬೈಲಿಗೆ ಮಾಡಿದೆ.

"ಎಲ್ಲೀವರೆಗೆ ಬಂತು?"

"ತೊವ್ವೆ ಆಯ್ತು ಅಕ್ಕ, ಸಾರು ಬಡಿಸ್ತಿದಾರೆ. ಬೇಗ ಬನ್ನಿ."

ಇನ್ನೂ ಸಾಲದು. ಸುದ್ದಿ ನನಗಿಂತ ಮುಂದೆ ಓಡಿತ್ತು. ಗೇಟುಗಳ ಬಳಿ ಹೆಂಗಸರು ಕಣ ಹಿಡಿದು ನಿಂತಿದ್ದರು. ಕಪ್ಪು, ಬಿಳಿ ಬಂದರೆ ಅಲ್ಲೇ ವಾಪಸು ಕೊಟ್ಟೆ. ಕೊನೆಯ ಮನೆಯಾಕೆ, ಗಂಡನ ಬ್ಯಾಂಕ್ ಕೆಲಸಕ್ಕೆಂದು ಹುಬ್ಬಳ್ಳಿಯಲ್ಲಿ ಕೆಲವು ವರ್ಷ ಇದ್ದವರು, ಅಲ್ಲಿಯ ನೇಯ್ಗೆಯ ಕೆಂಪು ಅಂಚಿನ ಹಸಿರು ಖಣವೊಂದನ್ನು ತಂದು, ಕೊಡದೆ ಅರೆಗಳಿಗೆ ನಿಂತರು. "ಇದು ನಾನೇ ಹೊಲಿಸ್ಕೊಳ್ಳೋಣ ಅಂತ ಇಟ್ಟಿದ್ದೆ... ಹೋಗ್ಲಿ ಬಿಡಿ, ಹೆಣ್ಣು ಹೆತ್ತೋರ ಪಾಡು."

ಉಗ್ರಾಣ ತಲುಪಿದಾಗ ಹೋಳಿಗೆ ಬಡಿಸುತ್ತಿದ್ದರು. ನಾಲ್ಕು ಜನ ನೆಲಕ್ಕೆ ಕೂತೆವು; ಮದುಮಗಳ ತಾಯಿಯೂ ಪಟ್ಟೆ ಸೀರೆಯಲ್ಲೇ ಕೂತರು. ಮೂಲೆಯ ಪೆನ್ಸಿಲ್ ಗುರುತುಗಳನ್ನು ಉಜ್ಜಿ ಅಳಿಸಬೇಕು, ಮಡಿಕೆ ಒಂದೇ ಅಳತೆಗೆ ತರಬೇಕು, ಎಲೆ ಅಡಿಕೆಯ ಮೇಲೆ ಇಡಬೇಕು. ಓರಗಿತ್ತಿಯ ಹಣೆಯ ಕುಂಕುಮ ಬೆವರಿಗೆ ಹುಬ್ಬಿನವರೆಗೆ ಇಳಿದಿತ್ತು. ಹೊರಗೆ ಅಡುಗೆಯವರು "ಮೊಸರನ್ನ, ಮೊಸರನ್ನ" ಎಂದು ಕೂಗುವುದು ಕೇಳಿತು. ಕೊನೆಯ ಚೀಲ ಕಟ್ಟುವ ಹೊತ್ತಿಗೆ ಕೈತೊಳೆಯುವ ನಲ್ಲಿಗಳು ಸುರಿಯತೊಡಗಿದ್ದವು.

ತಾಂಬೂಲ ಒಂದೊಂದಾಗಿ ಕೈ ಸೇರಿತು. ಎಲ್ಲ ಮುಗಿಯಿತು ಎನ್ನುವಾಗ ಮದುಮಗನ ತಾಯಿ ನಿಂತಲ್ಲೇ ತಮ್ಮ ಚೀಲಕ್ಕೆ ಕೈ ಹಾಕಿದರು. ಕಣ ತೆಗೆದರು. ಪೂರ್ತಿ ಬಿಚ್ಚಿ ಅಂಚನ್ನು ಬೆಳಕಿಗೆ ಹಿಡಿದರು. ಓರಗಿತ್ತಿ ನನ್ನ ಮಣಿಕಟ್ಟನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದಳು.

"ಅಯ್ಯ, ಇದು ನಮ್ಮ ಕಡೀ ಖಣ ಅಲ್ಲೇನ್ರಿ? ಇಲ್ಲೆ ಬೆಂಗಳೂರಾಗ ಎಲ್ಲಿ ಸಿಕ್ತ್ರಿ ನಿಮಗ?"

ಮದುಮಗಳ ತಾಯಿ ನಮ್ಮ ಕಡೆ ತಿರುಗಿ ನೋಡಿದರು. ಆ ಒಂದು ಕ್ಷಣದಲ್ಲಿ ಆಕೆ ಏನು ಬೇಕಾದರೂ ಹೇಳಬಹುದಿತ್ತು.

"ಇವರು ಹುಡುಕಿಸಿ ಕೊಟ್ರು ಬೀಗಿತ್ತಿಯವ್ರೇ. ಇಂಟರ್‌ನೆಟ್ಟಲ್ಲಿ ಅಂಗಡಿ ಇದೆ ಇವರದು."

"ಹೌದೇನು? ಏನ್ ಹೆಸರ್ರೀ ಅಂಗಡೀದು?"

ಓರಗಿತ್ತಿ ಹೆಸರು ಹೇಳಿದಳು. ದನಿ ಎಷ್ಟು ಸಣ್ಣದಿತ್ತೆಂದರೆ ಇನ್ನೊಮ್ಮೆ ಹೇಳಬೇಕಾಯಿತು.

ಬೀಗರೆಲ್ಲ ಮೆಟ್ಟಿಲಿಳಿದ ಮೇಲೆ ಮದುಮಗಳ ತಾಯಿ ಅವಳನ್ನು ಪಕ್ಕಕ್ಕೆ ಕರೆದರು. "ನಿಮ್ಮನ್ನ ಬಿಟ್ಕೊಡ್ಲಿಲ್ಲ ನಾನು. ಆದ್ರೆ ಒಂದ್ ಮಾತು. ಕೊಡೋದಾದ್ರೆ ಸುಮ್ನೆ ಕೊಡಮ್ಮ. ಹೆಸರು ಕೇಳೋರು ಕೇಳ್ತಾರೆ." ಅಷ್ಟೇ ಹೇಳಿ, ಅವಳ ಹಣೆಗೆ ಕುಂಕುಮವಿಟ್ಟು ಒಳಗೆ ಹೋದರು.

ಮುಂದಿನ ಶುಕ್ರವಾರ ನಾವಿಬ್ಬರೂ ನಮ್ಮ ರಸ್ತೆಯ ಸಾಲ ತೀರಿಸಲು ಹೊರಟೆವು. ಯಾವ ಅಕ್ಷರವೂ ಇಲ್ಲದ ಒಳ್ಳೆಯ ಹತ್ತಿಯ ಕಣಗಳನ್ನು ಅವಳು ತರಿಸಿದ್ದಳು. ಕೊನೆಯ ಮನೆಯಾಕೆಗೆ ಹುಬ್ಬಳ್ಳಿಯಿಂದಲೇ ಖಣ. ಪ್ರತಿ ಮನೆಯಲ್ಲೂ ಕೂರಿಸಿದರು, ಬೀಗರ ಕಥೆ ಹೇಳಿಸಿದರು. "ಮೊರ ಗಟ್ಟಿ ಇರತ್ತಾ? ಮುರಿದ್ರೆ ವಾಪಸ್ ತೊಗೋತೀಯಾ?" ಎಂದು ಅವಳನ್ನು ಬಗೆಬಗೆಯಾಗಿ ಪರೀಕ್ಷಿಸಿದರು. ಎದುರು ಮನೆಯಾಕೆ ಮಗಳ ಸೀಮಂತಕ್ಕೆಂದು ಅಲ್ಲೇ ಚೀಲಗಳನ್ನು ಹೇಳಿಬಿಟ್ಟರು. ಮಹಡಿಯ ಕೋಣೆ ಆ ಯುಗಾದಿಗೆ ಬಾಡಿಗೆಗೆ ಹೋಗಲಿಲ್ಲ.

ಆದರೆ ಶುಕ್ರವಾರದ ಸಂಜೆ ಮನೆಗೆ ಬಂದ ಮುತ್ತೈದೆಯರನ್ನು ಯಾರಾದರೂ ಬರಿಗೈಯಲ್ಲಿ ಕಳಿಸುತ್ತಾರೆಯೆ? ಮನೆಮನೆಯಲ್ಲೂ ಅರಿಶಿನ ಕುಂಕುಮ, ಬಾಳೆಹಣ್ಣು, ಅದರ ಜೊತೆಗೊಂದು ರವಿಕೆ ಕಣ. ಕತ್ತಲಾಗುವ ಮುನ್ನ ನಾವು ನಮ್ಮ ಗೇಟು ತೆಗೆದಾಗ ಚೀಲ ಹೊರಟಾಗಿನದಕ್ಕಿಂತ ಭಾರವಾಗಿತ್ತು.