ಕುಪ್ಪಿ ಮೂಸುವ ಹುಡುಗಿ

ಶಿರ್ವದ ದಾರಿಯಲ್ಲಿದ್ದ ನಮ್ಮ ಸಣ್ಣ ಆಸ್ಪತ್ರೆಗೆ ಅವಳು ನರ್ಸ್ ತರಬೇತಿಗೆಂದು ಬಂದಿದ್ದಳು. ನಾನು ಅಲ್ಲಿ ಕಂಪೌಂಡರ್. ಮದ್ದಿಗೆ ಕುಪ್ಪಿಯನ್ನು ರೋಗಿಗಳೇ ಮನೆಯಿಂದ ತರಬೇಕಾಗಿದ್ದ ಕಾಲ ಅದು. ಪ್ರತಿ ಕುಪ್ಪಿಯನ್ನೂ ಅವಳು ಕಣ್ಣು ಮುಚ್ಚಿ ಮೂಸುತ್ತಿದ್ದಳು. ಸೀಮೆಎಣ್ಣೆಯದೋ ಕಳ್ಳಿನದೋ ವಾಸನೆ ಬಂದರೆ ಬೂದಿ ಹಾಕಿ ತೊಳೆಯಲು ಬಾವಿಕಟ್ಟೆಗೆ ಕಳಿಸುತ್ತಿದ್ದಳು. ಯಾರಾದರೂ ಗೊಣಗಿದರೆ "ಗಡಿಬಿಡಿ ಎಂತ?" ಎನ್ನುವುದು ಅವಳ ಮಾತು. ಸಾಲು ಕರಗದೆ ನನಗೆ ರೇಗುತ್ತಿತ್ತು.

ಊರಿಗೆಲ್ಲ ಜ್ವರ ಹಬ್ಬಿದ್ದ ಒಂದು ಸೋಮವಾರ ಸಾಲು ಗೇಟಿನವರೆಗೂ ಬೆಳೆದಿತ್ತು. ಮೊಮ್ಮಗನಿಗೆ ಮದ್ದು ಒಯ್ಯಲು ಬಂದ ಅಜ್ಜಿಯೊಬ್ಬರ ಕುಪ್ಪಿಯನ್ನು ಮೂಸಿದವಳು ತಟ್ಟನೆ ಮುಖ ತಿರುಗಿಸಿದಳು. "ಅಜ್ಜಿ, ಇದಕ್ಕೆ ಬಿರುಕುಂಟು, ಬೇರೆ ಕೊಡ್ತೇನೆ" ಎಂದು ಆಸ್ಪತ್ರೆಯ ಕುಪ್ಪಿಯಲ್ಲೇ ಮದ್ದು ಹೊಯ್ದು ಕಳಿಸಿದಳು. ಆಮೇಲೆ ಅಜ್ಜಿಯ ಕುಪ್ಪಿಯನ್ನು ನನ್ನ ಮೂಗಿಗೆ ಹಿಡಿದಳು. ಗದ್ದೆಯ ಹುಳಕ್ಕೆ ಹೊಡೆಯುವ ವಿಷದ ವಾಸನೆ.

"ಅಜ್ಜಿಗೆ ಹೇಳ್ಬೇಕಿತ್ತಲ್ಲ?" ಎಂದೆ.

"ಸಂಜೆ ಅವರ ಮನೆಗೆ ಹೋಗಿ ಮಗನಿಗೆ ಹೇಳ್ತೇನೆ. ಅಜ್ಜಿಗೆ ಗೊತ್ತಾದ್ರೆ ಇನ್ನು ಮಗುವಿಗೆ ಮದ್ದು ಕುಡಿಸ್ಲಿಕ್ಕೆ ಅವರಿಗೆ ಧೈರ್ಯ ಬರ್ಲಿಕ್ಕುಂಟಾ?" ಎಂದು ಮುಂದಿನವರ ಕುಪ್ಪಿಗೆ ಕೈಚಾಚಿದಳು.

ಮರುವಾರ ಅಜ್ಜಿ ಮತ್ತೆ ಬಂದರು. ಕೈಯಲ್ಲಿ ಬೂದಿಯಿಂದ ತಿಕ್ಕಿ ತೊಳೆದ ಕುಪ್ಪಿ. ಸಾಲಿನಲ್ಲಿ ನಿಂತೇ ಅದನ್ನು ಮೂಸಿದರು. ಸ್ವಲ್ಪ ಮುಂದೆ ಬಂದು ಮತ್ತೊಮ್ಮೆ ಮೂಸಿದರು. ಆಮೇಲೆ ಅವಳ ಕೈಗೆ ಕೊಟ್ಟರು.

"ನಾನು ನೋಡಿದ್ದೇನೆ ಮಗಾ," ಎಂದರು. "ನೀನೂ ಒಮ್ಮೆ ನೋಡು. ಗಡಿಬಿಡಿ ಇಲ್ಲ."