ಕಾಶವ್ವ ಹತ್ತದ ಟಾಂಗಾ

ನನ್ನ ಹೆಂಡತಿ ಕಾಶವ್ವ ಒಳಗೆ ಕುಳಿತಿರುವಾಗಲೇ, ಬಾಗಿಲಿಗೆ ಬಂದವರಿಗೆ ನಾನು "ಆಕಿ ರಾಣೆಬೆನ್ನೂರಾಗ ಅದಾಳ್ರಿ, ತವರಿಗೆ ಹೋಗ್ಯಾಳ" ಎಂದು ಸುಳ್ಳು ಹೇಳಿದ್ದೇನೆ. ಒಂದು ಸಲವಲ್ಲ — ಕುಂಕುಮದ ಬಟ್ಟಲು ಹಿಡಿದು ಕರೆಯಲು ಬಂದ ಪ್ರತಿ ಹೆಣ್ಣುಮಗಳಿಗೂ. ಹೇಳುವಾಗ ನಾಲಿಗೆ ತಡವರಿಸುತ್ತಿರಲಿಲ್ಲ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಕಾಶವ್ವನ ಎರಡೂ ಕಾಲು ಸೋತಿದ್ದವು. ನೆಲಕ್ಕೆ ಕೈಯೂರಿ ಸರಿಯುತ್ತಲೇ ಮನೆ ನಡೆಸುತ್ತಿದ್ದಳು. ಬಿಡುವಾದರೆ ಪೇಟೆಯಿಂದ ಬಂದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂರುತ್ತಿದ್ದಳು. ನಾನು ಬ್ಯಾಡಗಿಯಲ್ಲಿ ಟಾಂಗಾ ಹೊಡೆಯುವವನು. ಮದುವೆಮನೆಗೆ, ಸೀಮಂತ-ಕುಬಸದ ಮನೆಗೆ ಊರ ಹೆಣ್ಣುಮಕ್ಕಳನ್ನೆಲ್ಲ ಹತ್ತಿಸಿಕೊಂಡು ಹೋದೆ. ನನ್ನವಳನ್ನು ಮಾತ್ರ — ಹತ್ತಿಸಿದರೆ ಇಳಿಸಬೇಕಲ್ಲ. ಹಂದರದ ಮುಂದೆ, ನಾಲ್ಕು ಜನರೆದುರು, ಕೂಸಿನ ಹಾಗೆ ಎತ್ತಿಕೊಂಡು ನಡೆಯಬೇಕು. ಗಂಡಸಾದವನು ಹೆಂಡತಿಯನ್ನು ಹೊರುವುದೇ? ಆಕೆಯ ಕಾಲಿಗೆ ನಾಚಿದೆನೋ, ನನ್ನ ಮೀಸೆಗೆ ಅಂಜಿದೆನೋ — ಇಂದಿಗೂ ಗೊತ್ತಿಲ್ಲ.

ಒಂದು ಸಂಜೆ, ಪಕ್ಕದ ಓಣಿಯ ಬಸುರಿಯ ಕುಬಸಕ್ಕೆ ಕರೆಯಲು ಬಂದವರನ್ನು ಹಾಗೆಯೇ ಸಾಗಹಾಕಿ ಒಳಗೆ ಬಂದೆ. ಒಲೆಯ ಮುಂದಿದ್ದ ಕಾಶವ್ವ ತಲೆಯೆತ್ತಿ, ನಗುತ್ತಲೇ ಕೇಳಿದಳು: "ತವರಿಗೆ ಹೋಗೇನಿ ಅಂದ್ರಲ್ಲ, ಯಾವಾಗ ಬರ್ಲಿ?"

ನಾನು ಕೈ ತೊಳೆದು ಊಟಕ್ಕೆ ಕುಳಿತೆ. ರೊಟ್ಟಿ ಬಿಸಿಯಾಗಿತ್ತು; ಹೊಟ್ಟೆತುಂಬ ಉಂಡೆ.

ತೊಂಬತ್ತನೆಯ ಇಸವಿಯ ಆಸುಪಾಸಿನಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಮಣ್ಣಿಗೆ ಬಂದವರೆಲ್ಲ "ಭಾಳ ಸೇವಾ ಮಾಡಿದಿಪಾ" ಎಂದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ದುಃಖ ಎಂದುಕೊಂಡರು.

ತಿಂಗಳುಗಟ್ಟಲೆ ಟಾಂಗಾ ಕಟ್ಟಲಿಲ್ಲ. ಯಾರಿಗಾಗಿ ದುಡಿಯಲಿ? ಒಂದು ದಿನ ನೆರೆಮನೆಯವರು ಮಗಳ ಅಕ್ಕಿಕಾಳಿಗೆಂದು ಗುಡಿಗೆ ಹೊರಟರು. ಲಕ್ವ ಹೊಡೆದು, ಹತ್ತಾರು ವರ್ಷದಿಂದ ಹೊರಗಿನದೇನೂ ಕಾಣದೆ ಮೂಲೆ ಹಿಡಿದಿದ್ದ ಅಜ್ಜಿ ಈರವ್ವ ಒಬ್ಬಳೇ ಉಳಿದಳು — ಸ್ವಂತ ಮೊಮ್ಮಗಳ ಮದುವೆ. ನನಗೇನಾಯಿತೋ, ಒಳಗೆ ಹೋಗಿ ಆಕೆಯನ್ನು ಎತ್ತಿಕೊಂಡು ಬಂದು ಟಾಂಗಾದಲ್ಲಿ ಕೂರಿಸಿದೆ. ಜನ ನೋಡಿದರು. ನೋಡಿದರೆ ಏನೂ ಆಗುವುದಿಲ್ಲವೆಂದು ತಿಳಿಯಲು ನನಗೆ ಅಷ್ಟು ವರ್ಷ ಬೇಕಾದವು.

ಅಂದಿನಿಂದ ಅದೇ ನನ್ನ ಕೆಲಸ: ನಡೆಯಲಾರದವರನ್ನು ಕರೆದ ಮನೆಗೆಲ್ಲ ಹೊತ್ತೊಯ್ಯುವುದು. ಬೆಳಿಗ್ಗೆ ಏಳಲು ಒಂದು ಕಾರಣ ಸಿಕ್ಕಿತು. ಊರು ಹೊಗಳಿತು. ಈರವ್ವನಂತೂ, "ನಿನ್ನ ಹೇಣ್ತಿ ಪುಣ್ಯಾ ಮಾಡಿದ್ಲು ನೋಡಪಾ. ಆಕಿನ್ನೂ ಹಿಂಗ ಹೊತ್ಕೊಂಡು ತಿರುಗ್ಯಾಡ್ಸಿರ್ತಿ" ಎಂದಳು. ನಾನು "ಹೂಂ" ಎಂದುಬಿಟ್ಟೆ.

ಬದುಕಿದ್ದಾಗ ಹೇಳಿದ ಸುಳ್ಳು ಸಾಲದೆಂದು, ಸತ್ತ ಮೇಲೂ ಒಂದು. ವರ್ಷಗಳವರೆಗೆ ಆ "ಹೂಂ" ಹೊತ್ತುಕೊಂಡೇ ತಿರುಗಿದೆ. ಕೊನೆಗೊಂದು ದಿನ ಗುಡಿಯಿಂದ ಬರುವಾಗ ಟಾಂಗಾ ನಿಲ್ಲಿಸಿ ಈರವ್ವನಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡೆ. ಆಕೆ "ಆಕಿ ಎಂದರ ಕೇಳಿದ್ಲೇನು, ಹೊರಗ ಕರ್ಕೊಂಡು ಹೋಗ್ರಿ ಅಂತ?" ಎಂದಳು.

ಇಲ್ಲ ಎನ್ನಬಹುದಿತ್ತು. ಕೇಳಿಸಿಕೊಂಡವನು ನಾನೊಬ್ಬನೇ —

"ಕೇಳಿದ್ಲು," ಎಂದೆ. "ಒಂದ್ಸಲ. ಜನಾ ನೋಡ್ತಾರ ಅನ್ನೂದಿದ್ರ, ಕತ್ತಲಾದ ಮ್ಯಾಲರ ಒಂದು ಸುತ್ತು ಹಾಕಸ್ರಿ ಅಂದಿದ್ಲು. ನಾ ಅದನ್ನೂ ಮಾಡ್ಲಿಲ್ಲ."